ಹ್ಯುಮಿಡಿಫೈಯರ್ ಇಟ್ಟ ಕೋಣೆಯಲ್ಲಿ ಮುಗ್ಗಲು ವಾಸನೆ

ಪ್ರಶ್ನೆ: ಮಗ ದುಬೈಯಿಂದ ರಜೆಗೆ ಬಂದಾಗ ಗಾಳಿಗೆ ತೇವ ಸೇರಿಸುವ ಒಂದು ಹ್ಯುಮಿಡಿಫೈಯರ್ ತಂದಿದ್ದ. ಎಸಿ ಹಾಕಿ ಮಲಗಿದರೆ ಗಂಟಲು ಒಣಗುತ್ತದೆ ಅಂತ ಸೊಸೆ ರಾತ್ರಿಯಿಡೀ ಅದನ್ನು ಆನ್ ಮಾಡಿಡುತ್ತಾಳೆ. ಈಗ ಕೋಣೆಗೆ ಕಾಲಿಟ್ಟರೆ ಮುಗ್ಗಲು ವಾಸನೆ, ಕಪಾಟಿನ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ಅದರ ಸ್ವಿಚ್ ಆಫ್ ಮಾಡಿ ಅಕ್ಕಾ. ಮಳೆಗಾಲದಲ್ಲಿ ಕಾಸರಗೋಡಿನ ಗಾಳಿಯ ತೇವಾಂಶ ಶೇ. 80 ದಾಟುತ್ತದೆ. ಒಣಗಲು ಹಾಕಿದ ಬಟ್ಟೆ ಮೂರು ದಿನವಾದರೂ ಹಸಿಹಸಿ ಇರುವ ಊರಲ್ಲಿ ಗಾಳಿಗೆ ಇನ್ನಷ್ಟು ನೀರು ಕುಡಿಸುವುದು ಯಾಕೆ ಮಾರಾಯ್ರೆ? ಎಸಿ ನೀರು ಹಿಂಡಿ ಪೈಪಿನಲ್ಲಿ ಹೊರಗೆ ಬಿಡುತ್ತದೆ, ಇದು ಅದನ್ನೇ ಮತ್ತೆ ತುಂಬುತ್ತದೆ, ಎರಡರ ಕರೆಂಟು ಬಿಲ್ಲೂ ನಿಮ್ಮದೇ. ಗಂಟಲಿಗೆ ತೊಂದರೆ ಅಂದ್ರೆ ಎಸಿಯನ್ನು 26ಕ್ಕೆ ಇಡಿ, ಗಾಳಿ ನೇರ ಮುಖಕ್ಕೆ ಬಡಿಯದ ಹಾಗೆ ತಿರುಗಿಸಿ. ಅಷ್ಟಕ್ಕೇ ಸರಿಯಾಗುವುದು ಜಾಸ್ತಿ.

ಆದರೂ ಬೇಕೇ ಬೇಕು ಅಂತಾದರೆ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ತನ್ನಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೋಣೆಯ ತೇವಾಂಶ ಶೇ. 30ರಿಂದ 50ರ ಒಳಗಿದ್ದರೆ ಚೆಂದ. 60 ದಾಟಿತೋ, ಬೂಷ್ಟಿಗೆ ನೀವೇ ಚಾಪೆ ಹಾಸಿಕೊಟ್ಟ ಹಾಗೆ.

ವಾಸನೆ ಎಲ್ಲಿಂದ ಅಂತ ನೋಡಬೇಕಲ್ವಾ? ಪ್ಲಗ್ ತೆಗೆದು, ಟ್ಯಾಂಕ್ ಎತ್ತಿ, ಕೆಳಗಿನ ಬಟ್ಟಲಿನ ಮೂಲೆಗೆ ಬೆರಳು ಹಾಕಿ. ಜಾರುವ ಲೋಳೆ ಸಿಗುತ್ತದೆ, ಕೆಲವೊಮ್ಮೆ ಗುಲಾಬಿ ಬಣ್ಣದ್ದು. ಅದು ಸೂಕ್ಷ್ಮಜೀವಿಗಳ ಪದರ, ಯಂತ್ರ ಓಡಿದಾಗ ಹಬೆಯ ಜೊತೆ ಅದೂ ನಿಮ್ಮ ಮೂಗಿಗೆ ಬರುತ್ತದೆ. ನಿನ್ನೆಯ ನೀರಿನ ಮೇಲೆಯೇ ಇವತ್ತಿನದ್ದು ಸುರಿಯುವುದೇ ಇದಕ್ಕೆ ಮೂಲ. ಉಳಿದ ನೀರನ್ನು ದಿನಾ ಚೆಲ್ಲಿ, ಒರೆಸಿ, ಹೊಸತು ತುಂಬಿಸಿ. ಮೂರು ದಿನಕ್ಕೊಮ್ಮೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ಬಿಟ್ಟು, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ವಾಸನೆ ಹೋಗುವವರೆಗೆ ತೊಳೆಯಿರಿ. ಮೆಡಿಕಲ್ ಶಾಪಿನ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಆಗುತ್ತದೆ, ಆದರೆ ವಿನೆಗರ್ ಜೊತೆ ಬೆರೆಸಬೇಡಿ. ವಿನೆಗರ್‌ಗೆ ಬ್ಲೀಚ್ ಸೇರಿಸುವುದಂತೂ ಬೇಡವೇ ಬೇಡ, ವಿಷಗಾಳಿ ಏಳುತ್ತದೆ. ಒಳಗೆ ಬತ್ತಿಯಂಥ ಫಿಲ್ಟರ್ ಇದ್ದು ಅದೇ ನಾರುತ್ತಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಿ. ಸುಮ್ನೆ ಅತ್ತರು, ನೀಲಗಿರಿ ಎಣ್ಣೆ ಹಾಕಿ ವಾಸನೆ ಮುಚ್ಚಬೇಡಿ.

ಗೋಡೆಯ ಚುಕ್ಕೆಯನ್ನು ಮಾಸ್ಕ್ ಹಾಕಿಕೊಂಡು ಸೋಪಿನ ನೀರಿನಲ್ಲಿ ಒರೆಸಿ ಪೂರ್ತಿ ಒಣಗಿಸಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ತನ್ನಿ. ಮೇಲೆ ಪೇಂಟ್ ಬಳಿದರೆ ಮತ್ತೆ ಬರುತ್ತದೆ. ಮುರಕಲ್ಲಿನ ಗೋಡೆಯಾದರೆ ಹೊರಗಿನ ಮಳೆನೀರು ಒಳಗೆ ಜಿನುಗುತ್ತಿದೆಯೋ ಅಂತ ಒಮ್ಮೆ ನೋಡಿ, ಆಗ ಪಾಪ ಈ ಯಂತ್ರದ್ದು ಅರ್ಧ ತಪ್ಪು ಮಾತ್ರ.

ಪ್ರಶ್ನೆ: ನಮ್ಮಲ್ಲಿ ಚಳಿಗಾಲದಾಗ ತುಟಿ, ಕಾಲು ಒಡೀತಾವ್ರಿ. ಹ್ಯುಮಿಡಿಫೈಯರ್ ಇಟ್ಟರೆ ಟಿವಿ ಮ್ಯಾಲೆ ಬಿಳಿ ಪುಡಿ ಕೂರತೈತಿ. ಇದೂ ಬೂಷ್ಟೇನ್ರಿ?
– ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಅಲ್ಲ ಅಣ್ಣಾ, ಅದು ಗಡಸು ನೀರಿನ ಸುಣ್ಣದಂಶ. ಬೋರ್‌ವೆಲ್ ನೀರು ಹಾಕ್ತಿದ್ದೀರಾ? ಅಲ್ಟ್ರಾಸಾನಿಕ್ ಯಂತ್ರ, ಅಂದ್ರೆ ಕಂಪನದಿಂದ ನೀರನ್ನು ಮಂಜು ಮಾಡುವಂಥದ್ದು, ನೀರಿನಲ್ಲಿದ್ದದ್ದನ್ನೆಲ್ಲ ಆ ಮಂಜಿನ ಜೊತೆ ಗಾಳಿಗೆ ತೂರುತ್ತದೆ. ಡಿಸ್ಟಿಲ್ಡ್ ನೀರು ಉತ್ತಮ, ಇಲ್ಲದಿದ್ದರೆ ಆರ್‌ಒ ನೀರು. ಕುದಿಸಿದರೆ ಪೂರ್ತಿ ಹೋಗುವುದಿಲ್ಲ. ನಿಮ್ಮ ಒಣ ಹವೆಗೆ ಈ ಯಂತ್ರ ಉಪಯೋಗದ್ದೇ, ಆದರೆ ನೆಲದ ಮೇಲೆ ಬೇಡ, ಗೋಡೆ, ಪರದೆಯಿಂದ ದೂರ ಸ್ಟೂಲಿನ ಮೇಲಿಡಿ. ಬೆಳಿಗ್ಗೆ ಕಿಟಕಿ ಗಾಜಿನಲ್ಲಿ ನೀರು ಕೂತಿದ್ದರೆ ರಾತ್ರಿ ಸ್ಪೀಡ್ ಕಡಿಮೆ ಮಾಡಿ. ಚಳಿ ಮುಗಿದ ಮೇಲೆ ತೊಳೆದು, ಬಿಡಿಭಾಗಗಳನ್ನೆಲ್ಲ ಚೆನ್ನಾಗಿ ಒಣಗಿಸಿಯೇ ಪೆಟ್ಟಿಗೆಗೆ ಹಾಕಿ.