ಕಾಲೇಜಿನವರು ಆಟಗಾರರಿಗೆ ಫ್ರೀ ಸೀಟ್ ಕೊಡುವುದು ಯಾಕೆ?

ನಿಮ್ಮ ಮಗನ ಕಬಡ್ಡಿ ನೋಡಿ ಮಂಗಳೂರಿನ ಕಾಲೇಜೊಂದು ಸೀಟು, ಹಾಸ್ಟೆಲ್, ಊಟ ಎಲ್ಲ ಫ್ರೀ ಅಂದಿದೆ, ಇದರಲ್ಲಿ ಅವರಿಗೆ ಏನು ಲಾಭ ಎಂದು ಕೇಳಿದ್ದೀರಿ. ನಾನೂ ಎರಡು ವರ್ಷ ಹಾಗೇ ಓದಿದವನು. ಕಾಲೇಜಿನ ಹೆಸರು ಬೇಡ.

ಲಾಭ ಉಂಟು, ಆದರೆ ಆಟದಿಂದ ಅಲ್ಲ. ಅಂತರ ಕಾಲೇಜು ಪಂದ್ಯಾಟಕ್ಕೆ ಟಿಕೆಟ್ ಇಟ್ಟದ್ದನ್ನು ನಾನು ಕಂಡಿಲ್ಲ. ಗೆದ್ದ ಮರುದಿನ ಪೇಪರಿನಲ್ಲಿ ಫೋಟೋ, ಗೇಟಿನ ಹತ್ತಿರ ಫ್ಲೆಕ್ಸ್. ಅದನ್ನು ನೋಡಿ ಫೀಸ್ ಕಟ್ಟಿ ಸೇರುವ ಮಕ್ಕಳೇ ಆದಾಯ. ಕ್ಲಾಸಿನಲ್ಲಿ ನಿಮ್ಮ ಮಗ ಒಬ್ಬ ಜಾಸ್ತಿ ಕೂತರೆ ಮೇಷ್ಟ್ರ ಸಂಬಳವೇನೂ ಏರುವುದಿಲ್ಲ. ನಿಜವಾದ ಖರ್ಚು ಊಟ, ಶೂ, ಬಸ್ಸಿನದು ಅಷ್ಟೇ.

ನಮ್ಮಲ್ಲಿ ಓಟದ ಕೋಣ ಸಾಕುವ ಮನೆಗಳಿಲ್ಲವೇ? ಕಂಬಳದಲ್ಲಿ ಮೊದಲ ಬಹುಮಾನ ಸಾಮಾನ್ಯವಾಗಿ ಎರಡು ಪವನ್ ಚಿನ್ನ, ಅಂದರೆ 16 ಗ್ರಾಂ. ಹುರುಳಿ, ಎಣ್ಣೆ, ಆಳಿನ ಸಂಬಳ, ಲಾರಿ ಬಾಡಿಗೆ ಲೆಕ್ಕ ಹಾಕಿದರೆ ಅದು ಎಲ್ಲಿಗೂ ಸಾಲದು. ಮನೆತನದ ಹೆಸರಿಗಾಗಿ ಸಾಕುತ್ತಾರೆ. ಕಾಲೇಜಿನವರು ಸಾಕುವುದೂ ಹೆಸರಿಗೇ, ಆದರೆ ಅವರಿಗೆ ಆ ಹೆಸರು ಅಡ್ಮಿಷನ್ ಹೊತ್ತಿಗೆ ದುಡ್ಡಾಗುತ್ತದೆ. (ಕೋಣಕ್ಕೆ ಹೋಲಿಸಿದೆ ಅಂತ ಹಳೇ ಟೀಮಿನವರು ಬೈದಾರು. ಕೋಣಗಳಿಗೆ ಉಪಚಾರ ಜಾಸ್ತಿ ಮಾರಾಯ್ರೆ.)

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್‌ಗೇ ಟಿವಿ ದುಡ್ಡು ಹರಿದು ಬರುತ್ತದೆ. ಆದರೂ ಆಟಗಾರರು ಜಾಹೀರಾತಿನಲ್ಲಿ ಸಂಪಾದಿಸಬಹುದು ಎಂದಾದದ್ದು 2021ರಲ್ಲಿ. ಕಾಲೇಜೇ ನೇರವಾಗಿ ಪಾಲು ಕೊಡಲು ದಾರಿಯಾದದ್ದು 2025ರಲ್ಲಿ, ಒಂದು ಕಾಲೇಜಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ. ನಮ್ಮಲ್ಲಿ ಹಂಚಲು ಅಂಥ ದುಡ್ಡೇ ಇಲ್ಲ.

ಪ್ರೊ ಕಬಡ್ಡಿ ಉಂಟಲ್ಲ ಅನ್ನಬಹುದು. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ 2.6 ಕೋಟಿಗೆ ಹೋದದ್ದು ನಿಜ. ಆದರೆ ಇಡೀ ದೇಶಕ್ಕೆ ತಂಡ 12. ಹುಡುಗಿಯರ ಪಾಡು ಕೇಳುವುದೇ ಬೇಡ, 2016ರಲ್ಲಿ ಮೂರು ತಂಡ ಕಟ್ಟಿ ಒಂದು ಸಲ ಆಡಿಸಿದರು. ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ನಮ್ಮ ಕಾರ್ಕಳ ಕಡೆಯ ಮಮತಾ ಪೂಜಾರಿಯವರಿಗೂ ಕೆಲಸ ಕೊಟ್ಟದ್ದು ರೈಲ್ವೆ. ನಾವೂ ಕಣ್ಣಿಟ್ಟದ್ದು ಅಲ್ಲಿಗೇ. ರೈಲ್ವೆ, ಪೊಲೀಸ್, ಬ್ಯಾಂಕ್.

ಎರಡನೇ ವರ್ಷ ನನ್ನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್‌ಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದರು. ಮೂರನೇ ವರ್ಷ ಆಫೀಸಿಗೆ ಹೋದರೆ ಹಾಸ್ಟೆಲ್ ಫೀಸಿನ ಚಲನ್ ಕೈಗಿಟ್ಟರು. ಬೈಯಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಪಿ.ಇ. ಸರ್ ಮಾತ್ರ ಎದುರು ಸಿಕ್ಕಾಗ ತಲೆ ತಗ್ಗಿಸಿ ಹೋಗುತ್ತಿದ್ದರು.

ಮಗನನ್ನು ಧಾರಾಳವಾಗಿ ಸೇರಿಸಿ. ಗಾಯವಾದರೆ ಫೀಸ್ ಯಾರು ಕಟ್ಟುವುದು, ಇನ್ಶೂರೆನ್ಸ್ ಉಂಟಾ, ಪಂದ್ಯಾಟಕ್ಕೆ ಹೋದ ದಿನಗಳ ಹಾಜರಾತಿ ಸಿಗುತ್ತದಾ, ಇಷ್ಟನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಎಂದರೆ ಜೆರಾಕ್ಸ್ ಕೊಟ್ಟು ಬನ್ನಿ.