ಸರ್ಕಾರವನ್ನು ಬೈಯುವ ಮುನ್ನ ಬ್ಯಾಟರಿಯನ್ನು ಕೇಳಿ

ಡೆಲಿವರಿ ಬೈಕು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಊಟ ಆರಿಹೋಗುತ್ತದೆ, ಒಂಬತ್ತನೇ ಮಹಡಿಯ ಬಾಲ್ಕನಿಗೇ ಡ್ರೋನ್ ತಂದಿಳಿಸಬಹುದಲ್ಲ, ಸರ್ಕಾರ ಯಾಕೆ ಅಡ್ಡಗಾಲು ಹಾಕುತ್ತಿದೆ ಎಂದು ವೈಟ್‌ಫೀಲ್ಡಿನ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ.

ಟ್ರಾಫಿಕ್ಕಿನ ಮಾತು ಒಪ್ಪಿದೆ. ಸರ್ಕಾರದ ಮಾತು ಅರ್ಧ ಸರಿ: 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ (ನಿರ್ಬಂಧವಿಲ್ಲದ ಪ್ರದೇಶದಲ್ಲಿ) 400 ಅಡಿವರೆಗೆ ಪ್ರತಿಸಲ ಅನುಮತಿ ಬೇಡ, ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಬೇಕು. ನಿಜವಾದ ಅಡ್ಡಗಾಲು ಬ್ಯಾಟರಿಯದು, ಸ್ವಾಮಿ. 22.2 ವೋಲ್ಟಿನ, 16,000 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕಿನಲ್ಲಿರುವುದು ಸುಮಾರು 355 ವ್ಯಾಟ್-ಅವರ್, ಅಂದರೆ 355 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು ಶಕ್ತಿ. ಪೂರ್ತಿ ಹೀರಿದರೆ ಸೆಲ್ಲು ಊದಿಕೊಂಡು ಕೆಡುತ್ತದೆ; ಶೇ 80ರಷ್ಟು ಬಳಸಬಹುದು, ಅಂದರೆ 284 ವ್ಯಾಟ್-ಅವರ್. ಎರಡು ಕಿಲೋ ಪಾರ್ಸೆಲ್ ಸೇರಿ ಎಂಟು ಕಿಲೋ ತೂಗುವ ಡ್ರೋನ್ ಗಾಳಿಯಲ್ಲಿ ಸುಮ್ಮನೆ ನಿಲ್ಲಲು ಕಿಲೋಗೆ ಅಂದಾಜು 170 ವ್ಯಾಟ್ ಬೇಕು. ಎಂಟು ಕಿಲೋಗೆ 1,360 ವ್ಯಾಟ್. ಭಾಗಿಸಿ ನೋಡಿ, ಹಾರಾಟ ಹನ್ನೆರಡೂವರೆ ನಿಮಿಷ. ಎದುರುಗಾಳಿಯೂ ವಾಪಸು ಪ್ರಯಾಣವೂ ಇದರಲ್ಲೇ.

ಬಾಲ್ಕನಿಯಂತೂ ಆಗದ ಮಾತು. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಡ್ರೋನ್ ತಾನಿರುವ ಜಾಗವನ್ನೇ ಹಲವು ಮೀಟರ್ ತಪ್ಪಾಗಿ ತಿಳಿಯುತ್ತದೆ. ಬಟ್ಟೆ ಒಣಹಾಕುವ ತಂತಿ ಕ್ಯಾಮೆರಾಗೆ ಕಾಣುವಷ್ಟರಲ್ಲಿ ಪ್ರೊಪೆಲ್ಲರಿಗೆ ಸುತ್ತಿಕೊಂಡಿರುತ್ತದೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ ಸೇರಿದ ವಿಂಗ್ ಕಂಪನಿಯ ಡೆಲಿವರಿ ಡ್ರೋನು ಅಂಗಳದ ಮೇಲೆ ಏಳು ಮೀಟರ್ ಎತ್ತರದಲ್ಲಿ ನಿಂತು ದಾರದಲ್ಲಿ ಪೊಟ್ಟಣ ಇಳಿಸುತ್ತದೆ. ಅಂಥದ್ದೂ 2022ರಲ್ಲಿ ಆಸ್ಟ್ರೇಲಿಯಾದ ಲೋಗನ್‌ನಲ್ಲಿ ವಿದ್ಯುತ್ ತಂತಿಯ ಮೇಲೆ ಕೂತು ಸುಮಾರು 2,000 ಮನೆಗಳ ಕರೆಂಟು ತೆಗೆಯಿತು!

ಡ್ರೋನಿನ ನಿಜವಾದ ಉಪಯೋಗ ತಿಳಿಯಬೇಕಾದರೆ ರುವಾಂಡಾ ನೋಡಿ. 2016ರಿಂದ ಜಿಪ್‌ಲೈನ್ ಎಂಬ ಅಮೆರಿಕದ ಡ್ರೋನ್ ಕಂಪನಿ ಅಲ್ಲಿನ ಗುಡ್ಡಗಾಡಿನ ಆಸ್ಪತ್ರೆಗಳಿಗೆ ರಕ್ತ ತಲುಪಿಸುತ್ತಿದೆ. ಅದರ ಡ್ರೋನು ರೆಕ್ಕೆಯ ವಿಮಾನ. ಭಾರ ಹೊರುವುದು ರೆಕ್ಕೆ, ಆದ್ದರಿಂದ ಮೋಟಾರಿಗೆ ಖರ್ಚು ಕಡಿಮೆ, 80 ಕಿ.ಮೀ. ಹೋಗಿಬರುತ್ತದೆ. ಆಸ್ಪತ್ರೆಯಲ್ಲಿ ಇಳಿಯುವುದೇ ಇಲ್ಲ, ಪೊಟ್ಟಣವನ್ನು ಪ್ಯಾರಾಶೂಟಿನಲ್ಲಿ ಬಿಟ್ಟು ತಿರುಗುತ್ತದೆ. 2021ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಣಿಪುರದ ಬಿಷ್ಣುಪುರದಿಂದ ಲೋಕ್ತಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಹಾರಿಸಿತು: 15 ಕಿ.ಮೀ., ಹದಿನೈದು ನಿಮಿಷದೊಳಗೆ. ಮಳೆಗಾಲದಲ್ಲಿ ಸೇತುವೆ ಮುಳುಗುವ ನಮ್ಮ ಮಲೆನಾಡಿನ ಊರುಗಳಿಗೆ ಹಾವಿನ ವಿಷದ ಔಷಧಿ ಹೀಗೆ ಬರಬೇಕೆಂದು ಯಾರೂ ಪತ್ರ ಬರೆಯುವುದಿಲ್ಲ. ಬಂಡವಾಳವೆಲ್ಲ ಬಿರಿಯಾನಿಯ ಹಿಂದೆ.

ಅಂದಹಾಗೆ, ಊಟ ಆರುವುದು ರಸ್ತೆಯಲ್ಲಿ ಮಾತ್ರವಲ್ಲ, ಗೇಟಿನ ರಿಜಿಸ್ಟರಿನ ಮುಂದೆಯೂ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಡೆಲಿವರಿ ಹುಡುಗರಿಗೆ ನಿವಾಸಿಗಳು ಬಳಸುವ ಲಿಫ್ಟ್ ಬಿಡುತ್ತಾರೆಯೇ? ಅದನ್ನಷ್ಟು ವಿಚಾರಿಸಿ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂ.