ಪಿ.ಜಿ. ಓದುವಾಗಲೇ ಮಗು ಮಾಡಿಕೊಳ್ಳಬಹುದಾ, ಇಲ್ಲ ಕೋರ್ಸ್ ಮುಗಿಯಲಿ ಅಂತ ಕಾಯಬೇಕಾ?

ನಿಮಗೆ 29 ವರ್ಷ, ಎಂ.ಡಿ. ಅನಸ್ತೇಷಿಯಾ (ಅರಿವಳಿಕೆ) ಎರಡನೇ ವರ್ಷ, ಯಜಮಾನರು ಆರ್ಥೋ (ಮೂಳೆ ವಿಭಾಗ) ಪಿ.ಜಿ., ಅಂದರೆ ಇಬ್ಬರೂ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿದ್ದೀರಿ. ಅತ್ತೆ ಈಗಲೇ ಆಗಲಿ ಅಂತಾರೆ, ಸೀನಿಯರ್‌ಗಳು ಕೋರ್ಸ್ ಮುಗಿಯಲಿ ಅಂತಾರೆ. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಇಬ್ಬರದ್ದೂ ಬೇಡ. ಆದರೆ ನಿಮ್ಮಿಬ್ಬರಿಗೂ ಮಗು ಬೇಕು ಅನಿಸಿದ್ದರೆ, ಕೋರ್ಸ್ ಮುಗಿಯಲಿ ಅನ್ನುವ ಒಂದೇ ಕಾರಣಕ್ಕೆ ಮುಂದೂಡಬೇಡಿ. ನಾನೂ ಅನಸ್ತೇಷಿಯಾದವಳೇ, ಕೆಲಸ ಮೈಸೂರಿನಲ್ಲಿ. ಮಗಳು ಹುಟ್ಟಿದ್ದು ಪಿ.ಜಿ. ಕೊನೆಯ ವರ್ಷದಲ್ಲಿ.

ಎಂ.ಡಿ. ಆದ ಮೇಲೆ ಸೀನಿಯರ್ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಹಿರಿಯ ರೆಸಿಡೆಂಟ್ ಡಾಕ್ಟರಾಗಿ ಕೆಲಸ, ಬರುತ್ತದೆ. ಅದರ ಮೇಲಿನ ಸೂಪರ್‌ಸ್ಪೆಷಾಲಿಟಿ ಡಿಗ್ರಿ ಡಿ.ಎಂ. ಆಸೆ ಇದ್ದರೆ ಇನ್ನೂ ಮೂರು ವರ್ಷ. ಆಮೇಲೆ ಹೊಸ ಕೆಲಸ. ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ಕನ್ಸಲ್ಟೆಂಟ್‌ಗೆ ಸಂಬಳ ಇರುವುದಿಲ್ಲ, ಪ್ರೊಫೆಷನಲ್ ಫೀ ಅಂತ ಕೊಡುತ್ತಾರೆ. ಲೆಕ್ಕಕ್ಕೆ ನೀವು ಅಲ್ಲಿನ ನೌಕರರೇ ಅಲ್ಲ, ಹಾಗಾಗಿ ಹೆರಿಗೆ ರಜೆಯ ಮಾತೇ ಬರುವುದಿಲ್ಲ. ನಮ್ಮಂಥವರು ನರ್ಸಿಂಗ್ ಹೋಂನಿಂದ ನರ್ಸಿಂಗ್ ಹೋಂಗೆ ಫ್ರೀಲ್ಯಾನ್ಸ್ ಓಡಾಡುವುದು ಬೇರೆ. ಅಲ್ಲಿ ಕೇಸ್ ಇದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಮೂರು ತಿಂಗಳು ಕಾಣಿಸದಿದ್ದರೆ ಸರ್ಜನ್ ಬೇರೆಯವರ ನಂಬರ್ ಸೇವ್ ಮಾಡಿಕೊಂಡಿರುತ್ತಾರೆ. ಸಂಬಳದ ಕೆಲಸವೇ ಸಿಕ್ಕಿತು ಅನ್ನಿ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಬಂದಿದೆ, ನಿಜ. ಆದರೆ ಹಿಂದಿನ 12 ತಿಂಗಳಲ್ಲಿ ಅಲ್ಲಿ 80 ದಿನವಾದರೂ ದುಡಿದಿರಬೇಕು.

ಅದಕ್ಕೆ ಹೋಲಿಸಿದರೆ ಪಿ.ಜಿ.ಯೇ ವಾಸಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ ಪಿ.ಜಿ. ಮಾಡುವ ಹೆಣ್ಣುಮಕ್ಕಳಿಗೆ ಸರ್ಕಾರಿ ನಿಯಮದ ಪ್ರಕಾರ ಹೆರಿಗೆ ರಜೆ ಇದೆ. ಕೋರ್ಸ್ ಅಷ್ಟು ದಿನ ಮುಂದಕ್ಕೆ ಹೋಗಬಹುದು, ಪರೀಕ್ಷೆ ಒಂದು ಸರದಿ ತಪ್ಪಬಹುದು. ಹೋದರೆ ಹೋಗಲಿ ಬಿಡಿ. ಸ್ಟೈಪೆಂಡ್ ಬರುತ್ತದಾ, ಥೀಸಿಸ್ ಕೊಡುವ ದಿನಾಂಕ ಬದಲಾಗುತ್ತದಾ ಅಂತ ಮಾತ್ರ ಕಾಲೇಜಿನಿಂದ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಕಾರಿಡಾರಿನಲ್ಲಿ "ನೋಡೋಣಮ್ಮ" ಅಂದಿದ್ದನ್ನು ನಂಬಿಕೊಳ್ಳಬೇಡಿ.

ವಯಸ್ಸಿನ ವಿಷಯ ನಿಮಗೆ ನಾನು ಹೇಳಬೇಕಿಲ್ಲ. 35 ದಾಟಿದ ಮೇಲೆ ಬಸಿರಾಗುವ ಸಾಧ್ಯತೆ ಜೋರಾಗಿ ಇಳಿಯುತ್ತದೆ, ಎಂಬಿಬಿಎಸ್‌ನಲ್ಲೇ ಓದಿದ್ದೀವಿ. ಓದಿದ್ದು ಪೇಷಂಟ್‌ಗಳ ಬಗ್ಗೆ ಅಂದುಕೊಂಡುಬಿಡುತ್ತೇವೆ ಅಷ್ಟೆ! ಐವಿಎಫ್ (ಪ್ರನಾಳ ಶಿಶು) ಸೆಂಟರ್‌ಗಳಿಗೆ ಎಗ್ ಪಿಕಪ್ ದಿನ, ಅಂದರೆ ಅಂಡಾಶಯದಿಂದ ಮೊಟ್ಟೆ ತೆಗೆಯುವ ದಿನ, ಮಂಪರು ಬರಿಸುವ ಸೆಡೇಶನ್ ಕೊಡಲು ಹೋಗುತ್ತಿರುತ್ತೇನೆ. ಟೇಬಲ್ ಮೇಲೆ ಮಲಗಿದವರು ಡಾಕ್ಟರೇ ಆಗಿರುವುದು ಅಪರೂಪವೇನಲ್ಲ. ಪ್ರೊಪೊಫಾಲ್ (ಮಲಗಿಸುವ ಔಷಧ) ಎಷ್ಟು ಕೊಡುತ್ತೀರಿ ಅಂತ ಅವರೇ ವಿಚಾರಿಸುತ್ತಾರೆ. ಈಗ ಎಗ್ ಫ್ರೀಜ್ ಮಾಡಿಸಿ ಆಮೇಲೆ ನೋಡೋಣ ಅನ್ನುವುದೂ ಒಂದು ದಾರಿಯೇ, ಆದರೆ ಫ್ರೀಜ್ ಮಾಡಿದ ಮೊಟ್ಟೆಯೆಲ್ಲ ಮಗು ಆಗುವುದಿಲ್ಲ. ಎಎಂಹೆಚ್ ಅನ್ನುವ ರಕ್ತ ಪರೀಕ್ಷೆಯ ರಿಪೋರ್ಟ್ ಕಡಿಮೆ ಬಂತು ಅಂತ ಹೆದರುವುದೂ ಬೇಡ. ಅದು ಎಷ್ಟು ಮೊಟ್ಟೆ ಉಳಿದಿವೆ ಅನ್ನುವ ಅಂದಾಜು ಕೊಡುತ್ತದೆ. ಈ ವರ್ಷ ಬಸಿರಾಗುತ್ತೀರಾ ಇಲ್ಲವಾ ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಪಿ.ಜಿ. ಅಂದರೆ ಒಬ್ಬರ ನೈಟ್ ಮುಗಿಯುವ ಹೊತ್ತಿಗೆ ಇನ್ನೊಬ್ಬರ ಡ್ಯೂಟಿ ಶುರು. ಗರ್ಭ ನಿಲ್ಲುವ ಸಾಧ್ಯತೆ ಇರುವುದು ತಿಂಗಳಿಗೆ ಸುಮಾರು ಆರು ದಿನ. ಆ ವಾರ ಪೂರ್ತಿ ನೀವು ಓಟಿಯಲ್ಲಿ (ಆಪರೇಷನ್ ಥಿಯೇಟರ್), ಅವರು ಕ್ಯಾಷುವಾಲ್ಟಿಯಲ್ಲಿ ಇದ್ದರೆ ಆ ತಿಂಗಳು ಲೆಕ್ಕಕ್ಕಿಲ್ಲ. 35ರ ಒಳಗಿನವರು ಒಂದು ವರ್ಷ ಪ್ರಯತ್ನಿಸಿ ಆಮೇಲೆ ಪರೀಕ್ಷೆ ಮಾಡಿಸಿ ಅಂತ ನಾವೇ ಹೇಳುತ್ತೇವೆ. ನಿಮ್ಮ ಒಂದು ವರ್ಷದಲ್ಲಿ ನಿಜವಾದ ತಿಂಗಳು ಎಷ್ಟು ಅಂತ ಡ್ಯೂಟಿ ಲಿಸ್ಟ್ ಎದುರಿಗಿಟ್ಟುಕೊಂಡು ನೋಡಿ. ಪರೀಕ್ಷೆ ಅಂತ ಬಂದರೆ ವೀರ್ಯ ಪರೀಕ್ಷೆಯೂ ಜೊತೆಯಲ್ಲೇ ಆಗಲಿ. ಡಾಕ್ಟರ್ ಗಂಡಂದಿರು ಇದೊಂದನ್ನು ಮುಂದಕ್ಕೆ ಹಾಕುವುದರಲ್ಲಿ ಜಾಣರು.

ಶುರು ಮಾಡುವ ಮುಂಚೆ ರುಬೆಲ್ಲಾ, ಚಿಕನ್‌ಪಾಕ್ಸ್‌ನ ಆಂಟಿಬಾಡಿ ನೋಡಿಸಿಕೊಳ್ಳಿ, ಹೆಪಟೈಟಿಸ್ ಬಿ ಟೈಟರ್ (ಆಂಟಿಬಾಡಿ ಪ್ರಮಾಣ) ಕೂಡ. ರುಬೆಲ್ಲಾಕ್ಕೆ ಎಂಎಂಆರ್ ಲಸಿಕೆ ಹಾಕಿಸಿಕೊಂಡರೆ ಬಸಿರಾಗಲು ಒಂದು ತಿಂಗಳು ಕಾಯಬೇಕು. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಈಗಿನಿಂದಲೇ ತೆಗೆದುಕೊಳ್ಳಿ. ನಿಂತ ಮೇಲೆ ಸುದ್ದಿಯನ್ನು ಮೂರು ತಿಂಗಳು ಮುಚ್ಚಿಡುವ ಸಂಪ್ರದಾಯ ಮನೆಯವರಿಗಿರಲಿ. ಹೆಚ್‌ಓಡಿಗೆ (ವಿಭಾಗದ ಮುಖ್ಯಸ್ಥರಿಗೆ) ಬೇಗ ಹೇಳಿಬಿಡಿ. ಆರ್ಥೋ ಓಟಿಯಲ್ಲಿ ಸಿ-ಆರ್ಮ್ ಎಕ್ಸ್-ರೇ ಯಂತ್ರ ಇರುತ್ತದೆ, ಅಲ್ವಾ? ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಗರ್ಭ ಗೊತ್ತಾದ ಮೇಲೆ ಉಳಿದ ಅವಧಿಯಲ್ಲಿ ಭ್ರೂಣಕ್ಕೆ ತಗಲುವ ವಿಕಿರಣ 1 ಮಿಲಿಸೀವರ್ಟ್ ಮೀರಬಾರದು. ನೀವು ಹೇಳದಿದ್ದರೆ ನಿಮ್ಮನ್ನು ಅಲ್ಲಿಂದ ಬದಲಿಸುವವರು ಯಾರು? ಮಕ್ಕಳಿಗೆ ಮಾಸ್ಕ್‌ನಲ್ಲಿ ಗ್ಯಾಸ್ ಕೊಟ್ಟು ಮಲಗಿಸುವ ಲಿಸ್ಟ್ ಕೂಡ ಬೇರೆಯವರಿಗೆ ಕೊಡಿಸಿ, ಅಲ್ಲಿ ಲೀಕ್ ಜಾಸ್ತಿ. ಸ್ಕ್ಯಾವೆಂಜಿಂಗ್ (ಉಳಿದ ಗ್ಯಾಸನ್ನು ಹೊರಗೆಳೆಯುವ ವ್ಯವಸ್ಥೆ) ಸರಿಯಿರುವ ಥಿಯೇಟರ್ ಆದರೆ ತೀರಾ ಭಯಪಡಬೇಕಿಲ್ಲ. ನೈಟ್ ಡ್ಯೂಟಿ ಜಾಸ್ತಿಯಾದಷ್ಟೂ ಗರ್ಭಪಾತದ ಸಾಧ್ಯತೆ ಸ್ವಲ್ಪ ಏರುತ್ತದೆ ಅಂತ ತೋರಿಸುವ ಅಧ್ಯಯನಗಳಿವೆ. ಅದಕ್ಕೇ ನೈಟ್ ಕಡಿಮೆ ಮಾಡಿ ಅಂತ ಕೇಳಲು ಸಂಕೋಚಪಡಬೇಡಿ.

ಕಷ್ಟ ಆಗುವುದು ಕೋ-ಪಿ.ಜಿ.ಗಳ ಮುಖ ನೋಡಲು. "ಎಕ್ಸಾಂ ವರ್ಷವೇ ಬೇಕಿತ್ತಾ?" ಅಂತ ನನ್ನನ್ನೂ ಕೇಳಿದ್ದರು. ಕೇಳಿದವರ ಮೇಲೆ ಕೋಪ ಬರಲಿಲ್ಲ, ನನ್ನ ನೈಟ್‌ಗಳೆಲ್ಲ ಅವರ ತಲೆಗೇ ಬಿದ್ದಿದ್ದವು. ಬದಲಿ ಕೈ ಕೊಡಬೇಕಾದ್ದು ಡಿಪಾರ್ಟ್‌ಮೆಂಟ್, ಅದು ಕೊಡಲಿಲ್ಲ. ನಿಮ್ಮ ಕಡೆಯೂ ಹಾಗೇ ಆದರೆ ಜಗಳ ಲಿಸ್ಟ್ ಹಾಕುವವರ ಹತ್ತಿರ ಮಾಡಿ, ಜೊತೆಯವರ ಹತ್ತಿರ ಅಲ್ಲ.

ಬಾಣಂತನ ಹೇಗೋ ತವರಲ್ಲಿ ಆಗುತ್ತದೆ. ವಾಪಸ್ ಬಂದ ಮೇಲಿನದ್ದು ಈಗಲೇ ಮಾತಾಡಿಕೊಳ್ಳಿ. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು ಅಂತ ಕಾನೂನಿದೆ. ನಿಮ್ಮ ಆಸ್ಪತ್ರೆಯಲ್ಲಿ ಇದ್ದರೆ ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ ಅಂತ ಹೋಗಿ ಕೇಳಿ, ನೈಟ್ ಡ್ಯೂಟಿಗೆ ಅದು ಉಪಯೋಗಕ್ಕೆ ಬರುವುದು ಅನುಮಾನ. ಅತ್ತೆ ಈಗಲೇ ಮಗು ಬೇಕು ಅಂತಿದ್ದಾರಲ್ಲ, ರಾತ್ರಿ ಯಾರು ಇರುತ್ತಾರೆ ಅನ್ನುವ ಪ್ರಶ್ನೆಯನ್ನು ಅವರ ಮುಂದೆಯೂ ಇಡಿ. ಯಜಮಾನರೇ ಇಡಲಿ, ನೀವಲ್ಲ.